ಆರ್ಡರ್ ಆಯ್ತು ಅಂದ್ರೂ ಆರ್ಡರ್ ಆಗಿರ್ಲಿಲ್ಲ

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದಕ್ಕೆ ಫೋನು. ಆರ್ಡರ್ ಹಾಕಿದ್ರೆ ಸ್ಕ್ರೀನ್ ಮೇಲೆ ಹಸಿರು ಬಣ್ಣದಲ್ಲಿ "ಆರ್ಡರ್ ಆಯ್ತು" ಅಂತ ಬರ್ತಿದೆಯಂತೆ, ಡೇಟಾಬೇಸಲ್ಲಿ ನೋಡಿದ್ರೆ ಖಾಲಿ. ಟೈಪ್‌ಸ್ಕ್ರಿಪ್ಟ್ (ಟೈಪ್ ಚೆಕ್ ಸೇರಿಸಿದ ಜಾವಾಸ್ಕ್ರಿಪ್ಟ್) ಕೋಡ್ ತೆಗೆದ್ರೆ ನಾನೇ ಬರೆದಿದ್ದು, ಬೈಯೋಕೂ ಬೇರೆ ಯಾರೂ ಇಲ್ಲ.

ಸರ್ವರ್ 500 ಕೊಡ್ತಿತ್ತು, ಅಂದ್ರೆ ತನ್ನ ಕಡೆನೇ ಏನೋ ಕೆಟ್ಟಿದೆ ಅನ್ನೋ ಕೋಡು. ನಾನೋ ಸರ್ವರಿಗೆ ರಿಕ್ವೆಸ್ಟ್ ಕಳಿಸೋ ಫೆಚ್ ಸುತ್ತ ಎರರ್ ಹಿಡಿಯೋ ಟ್ರೈ-ಕ್ಯಾಚ್ ಹಾಕಿ, ಏನೇ ಎಡವಟ್ಟಾದ್ರೂ ಕ್ಯಾಚಿಗೆ ಬಂದು ಬೀಳುತ್ತೆ ಬಿಡು ಅಂತ ಆರಾಮಾಗಿದ್ದೆ. ಬೀಳಲ್ಲ. ನೆಟ್‌ವರ್ಕೇ ಕೈಕೊಟ್ರೆ ಫೆಚ್ ಎರರ್ ಎಸೆಯುತ್ತೆ, ಆದ್ರೆ 404 (ಕೇಳಿದ್ದು ಸಿಗಲಿಲ್ಲ) ಆಗ್ಲಿ 500 ಆಗ್ಲಿ ಅದರ ಲೆಕ್ಕದಲ್ಲಿ ಉತ್ತರ ಬಂತು, ಕೆಲಸ ಮುಗೀತು, ರೆಸ್ಪಾನ್ಸಿನ ಓಕೆ ಪ್ರಾಪರ್ಟಿ ನಾವೇ ನೋಡ್ಕೋಬೇಕು. ಅದರ ಮೇಲೆ, ಬಂದ ಉತ್ತರವನ್ನ ಡೇಟಾ ಮಾಡೋ ಜೇಸನ್ ಮೆಥಡ್ ವಾಪಸ್ ಕೊಡೋದು ಎನಿ ಟೈಪು, ಅಂದ್ರೆ ಏನಂದ್ರೂ ಕಂಪೈಲರ್ ಒಪ್ಕೊಳ್ಳೋ ಟೈಪು, ನಾನು "ಇದು ಆರ್ಡರ್" ಅಂದೆ, ಕಂಪೈಲರ್ ಹೂಂ ಅಂತು, ಒಳಗಿದ್ದಿದ್ದು ಸರ್ವರಿನ ಎರರ್ ಮೆಸೇಜು.

ಟೈಪ್‌ಸ್ಕ್ರಿಪ್ಟಲ್ಲಿ ಒಂದು ಫಂಕ್ಷನ್ ಏನೇನು ಎರರ್ ಎಸೀಬಹುದು ಅಂತ ಟೈಪಲ್ಲಿ ಬರೆಯೋಕೆ ಜಾಗವೇ ಇಲ್ಲ. ಜಾವಾದಲ್ಲಿ ಥ್ರೋಸ್ ಅಂತಾದ್ರೂ ಇದೆ. ಕ್ಯಾಚಲ್ಲಿ ಸಿಗೋ ವೇರಿಯಬಲ್ ಮೊದಲು ಎನಿ ಆಗಿರ್ತಿತ್ತು, 2021ರಲ್ಲಿ ಬಂದ 4.4ರಿಂದ ಸ್ಟ್ರಿಕ್ಟ್ ಮೋಡಲ್ಲಿ ಅನ್‌ನೋನ್, ಅಂದ್ರೆ ಏನು ಅಂತ ಚೆಕ್ ಮಾಡದೆ ಬಳಸೋ ಹಾಗಿಲ್ಲ. ಜಾವಾಸ್ಕ್ರಿಪ್ಟಲ್ಲಿ ಬರೀ ಸ್ಟ್ರಿಂಗನ್ನೂ ಥ್ರೋ ಮಾಡಬಹುದಲ್ಲ, ಹಾಗಾಗಿ ಅದೇ ಸರಿ.

ಈಗ ಆ ಫಂಕ್ಷನ್ ಏನನ್ನೂ ಎಸೆಯಲ್ಲ, ರಿಸಲ್ಟ್ ವಾಪಸ್ ಕೊಡುತ್ತೆ. ಓಕೆ ಟ್ರೂ ಇದ್ರೆ ಜೊತೆಗೆ ವ್ಯಾಲ್ಯೂ, ಫಾಲ್ಸ್ ಇದ್ರೆ ಜೊತೆಗೆ ಎರರ್, ಅಷ್ಟೇ, ಎರಡು ಆಕಾರದ ಒಂದು ಯೂನಿಯನ್. ಓಕೆ ಚೆಕ್ ಮಾಡದೆ ವ್ಯಾಲ್ಯೂ ಮುಟ್ಟೋಕೆ ಹೋದ್ರೆ ಎಡಿಟರಲ್ಲಿ ಕೆಂಪು ಗೆರೆ. ಎರರ್ ಕೂಡ ಬರೀ ಮೆಸೇಜ್ ಅಲ್ಲ: ನೆಟ್‌ವರ್ಕ್ ಇಲ್ಲ, ಸ್ಟಾಕ್ ಇಲ್ಲ, ಲಾಗಿನ್ ಅವಧಿ ಮುಗಿದಿದೆ, ಸರ್ವರ್ ಬಿದ್ದಿದೆ, ಪ್ರತಿಯೊಂದಕ್ಕೂ ಒಂದೊಂದು ಹೆಸರು. ಅವನ್ನ ಒಂದೊಂದಾಗಿ ನೋಡೋ ಸ್ವಿಚ್ಚಿನ ಕೊನೇಲಿ ನೆವರ್ ಟೈಪಿನ ಚೆಕ್, ಯಾವುದಾದ್ರೂ ಒಂದನ್ನ ಬಿಟ್ಟಿದ್ರೆ ಕಂಪೈಲೇ ಆಗಲ್ಲ. ಮೊನ್ನೆ "ಈ ಪಿನ್‌ಕೋಡಿಗೆ ಡೆಲಿವರಿ ಇಲ್ಲ" ಅಂತ ಹೊಸದೊಂದು ಸೇರಿಸಿದ್ದೇ ತಡ, ಮೂರು ಕಡೆ ಬಿಲ್ಡ್ ಬಿತ್ತು, ಅದ್ರಲ್ಲಿ ಒಂದು ಪೇಜ್ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು.

ಇಂಥ ರಿಸಲ್ಟನ್ನೇ ರೆಡಿಯಾಗಿ ಕೊಡೋ ನೆವರ್‌ಥ್ರೋ ಅಂತ ಲೈಬ್ರರಿ ಇದೆ, ಎರಡು ದಿನ ಹಾಕಿ ನೋಡಿದೆ. ಚೆನ್ನಾಗೇ ಇದೆ, ಆದ್ರೆ ಒಂದು ಹೆಜ್ಜೆ ಸರಿಹೋದ್ರೆ ಮುಂದಿನದಕ್ಕೆ ಹೋಗೋ ಆಂಡ್‌ದೆನ್ ಮೇಲೆ ಆಂಡ್‌ದೆನ್ ಜೋಡಿಸ್ತಾ ಹೋದಾಗ ಪಕ್ಕದ ಸೀಟಿನವನು "ಏನ್ ಗುರು ಇದು, ಗೂಡ್ಸ್ ಗಾಡಿನಾ" ಅಂದ. ರಸ್ಟ್ ಅನ್ನೋ ಭಾಷೇಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಎರರ್ ತಾನಾಗೇ ಮೇಲಕ್ಕೆ ಹೋಗುತ್ತೆ, ಆ ಸುಖ ಇಲ್ಲಿಲ್ಲ. ಕೊನೆಗೆ ನಂದೇ ಹತ್ತು ಲೈನಿನ ಟೈಪಿಗೆ ವಾಪಸ್ ಬಂದೆ.

ಹಾಗಂತ ಎಲ್ಲದಕ್ಕೂ ಇದನ್ನ ಸುತ್ತಬೇಡಿ. ಸ್ಟಾಕ್ ಮುಗಿಯೋದು ದಿನಾ ಆಗೋ ವಿಷಯ, ಅದು ರಿಸಲ್ಟಲ್ಲಿರ್ಲಿ. ಅನ್‌ಡಿಫೈನ್ಡ್ ಮೇಲೆ ಪ್ರಾಪರ್ಟಿ ಓದೋಕೆ ಹೋಗಿದ್ದು ನನ್ನ ದಡ್ಡತನ, ಅದು ಜೋರಾಗಿ ಒಡೆದು ಲಾಗಲ್ಲಿ ಬೀಳ್ಲಿ.

ಇನ್ನೊಂದು ತಲೆನೋವಿದೆ. ರಿಸಲ್ಟ್ ಕೊಡೋ ಫಂಕ್ಷನ್ ಕರೆದು, ಬಂದಿದ್ದನ್ನ ಹಂಗೇ ಬಿಟ್ಟುಬಿಟ್ರೆ ರಸ್ಟ್ ವಾರ್ನಿಂಗ್ ಕೊಡುತ್ತೆ, ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಪಿಟಕ್ ಅನ್ನಲ್ಲ. ಇದನ್ನ ಬರೀತಾ ಅನುಮಾನ ಬಂದು ಹುಡುಕಿದೆ, ಡ್ರಾಫ್ಟ್ ಸೇವ್ ಮಾಡೋ ಕಡೆ ನಾನೂ ಹಂಗೇ ಬಿಟ್ಟಿದ್ದೀನಿ. ಹೋಗಿ ಸರಿ ಮಾಡ್ತೀನಿ, ಫೋನ್ ಬರೋಕೆ ಮುಂಚೆ.