ಲಾಡಿಯ ಗುರುತು

ನಿನ್ನ ಸೊಂಟದ ಫೋಟೋ ತೆಗೀಬೇಕು ಅಂದಾಗ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ಮುಖ ಬಿಟ್ಟು ಸೊಂಟವಾ? ಇದ್ಯಾವ ಸೀಮೆ ಫೋಟೋನೇ?" ಎಂದಳು.

ನನಗೆ ಬೇಕಿದ್ದದ್ದು ಲಂಗದ ಲಾಡಿಯ ಗುರುತು. ನಲವತ್ತು ವರ್ಷ ಅದೇ ಜಾಗದಲ್ಲಿ ಬಿಗಿದು ಕಟ್ಟಿ ಕಟ್ಟಿ ಚರ್ಮ ಕಪ್ಪಾಗಿದೆ, ತುಸು ತಗ್ಗೂ ಬಿದ್ದಿದೆ. ಗಂಟು ಬರುವ ಕಡೆ ಇನ್ನೂ ಕಪ್ಪು. ಎಷ್ಟೋ ಗಂಡಸರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಹೆಂಗಸರನ್ನು ಕೇಳಿದರೆ ನಕ್ಕು ಸೆರಗು ಸರಿಮಾಡಿಕೊಳ್ಳುತ್ತಾರೆ.

ಚಿಕ್ಕಮಗಳೂರಲ್ಲಿ ಪ್ರೀತಿಯ ಫೋಟೋ ಅಂದರೆ ಮುಳ್ಳಯ್ಯನಗಿರಿ ಮೇಲೆ ಗೌನು ಹಾರಿಸೋದು. ಹೊಟ್ಟೆಪಾಡು, ನಾನೂ ತೆಗೆಯುತ್ತೇನೆ. ಆದರೆ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಫೋಟೋಗಳನ್ನು ನೋಡಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ಸರಣಿ ಅದು. ಒಂದರಲ್ಲಿ ಪುಷ್ಪಮಾಲಾ ಅವರೇ ವೇಷ ಹಾಕಿ ರವಿವರ್ಮನ ಲಕ್ಷ್ಮಿ. ಇನ್ನೊಂದರಲ್ಲಿ, ಬ್ರಿಟಿಷರ ಕಾಲದಲ್ಲಿ ಮೈ ಅಳೆಯೋಕೆ ಚೌಕಳಿ ಪರದೆ ಮುಂದೆ ನಿಲ್ಲಿಸುತ್ತಿದ್ದರಲ್ಲ, ಹಾಗೆ ನಿಂತ ಹೆಂಗಸು. ನನಗೆ ವೇಷ ಹಾಕೋಕೆ ಬರಲ್ಲ. ಗುರುತು ಹುಡುಕೋಕೆ ಬರುತ್ತೆ.

ಈಗ ಹನ್ನೊಂದು ಫೋಟೋ ಆಗಿವೆ. ನನ್ನ ಹೆಗಲ ಮೇಲೆ ಬ್ರಾ ಪಟ್ಟಿ ಕೊರೆದದ್ದು. ಕಾಫಿ ಹಣ್ಣು ಕೊಯ್ಯುವವರ ಸೊಂಟದಲ್ಲಿ ಚೀಲದ ಹಗ್ಗ ಒತ್ತಿದ್ದು. ಅತ್ತಿಗೆಯ ಹೊಟ್ಟೆ ಮೇಲೆ ಹೆರಿಗೆಯ ಗೆರೆ. ಕಪ್ಪು ಹಾಗೇ ಉಳಿಯುತ್ತೆ, ಆದರೆ ಒತ್ತಿದ ತಗ್ಗು ಸ್ವಲ್ಪ ಹೊತ್ತಲ್ಲೇ ಮಾಯ. ಹಾಗಾಗಿ ಲಾಡಿ ಸಡಿಲಿಸಿದ ಕೂಡಲೇ ತೆಗೆಯಬೇಕು. ಫ್ಲ್ಯಾಶ್ ಹೊಡೆದರೆ ತಗ್ಗೆಲ್ಲ ಸಪಾಟು. ಕಿಟಕಿಯ ಬೆಳಕು ಪಕ್ಕದಿಂದ ಚರ್ಮ ಸವರಿಕೊಂಡು ಹೋಗಬೇಕು, ಆಗ ಚಿಕ್ಕ ಗೆರೆಗೂ ನೆರಳು ಬೀಳುತ್ತೆ. ಜುಲೈ ಮಳೆಯಲ್ಲಿ ಅಂಥ ಬೆಳಕು ಎಲ್ಲಿ ಸಿಗಬೇಕು?

ಮಳೆಗೆ ಬೇಸತ್ತು ಒಂದಿನ ಬೇಲೂರಿಗೆ ಹೋದೆ. ದರ್ಪಣ ಸುಂದರಿಯನ್ನು ಎಷ್ಟು ಸಲ ನೋಡಿದ್ದೇನೋ. ಸರ, ಬಳೆ, ಡಾಬು ಎಲ್ಲ ಇದೆ. 1117ರ ದೇವಸ್ಥಾನ, ಬಳಪದ ಕಲ್ಲಿನಲ್ಲಿ ಉಗುರನ್ನೂ ಬಿಡದೆ ಕೆತ್ತಿದ್ದಾರೆ. ಅಷ್ಟು ಭಾರದ ಡಾಬು ಕಟ್ಟಿದರೂ ಸೊಂಟದ ಮೇಲೆ ಒಂದು ಗೀರಿಲ್ಲ! ಕೆತ್ತಿದವರ ಮನೆ ಹೆಂಗಸರಿಗೆ ಇದ್ದೇ ಇರುತ್ತಿತ್ತು, ಅಲ್ವಾ?

ಸೊಂಟ ಮುಗಿಸಿ ಅಮ್ಮನ ಕಿವಿಗೆ ಬಂದೆ. ಎಡಗಿವಿಯ ತೂತು ಉದ್ದಕ್ಕೆ ಸೀಳಿದೆ. ಎಂಟು ತಿಂಗಳ ಕೂಸಾಗಿದ್ದಾಗ ನಾನೇ ಓಲೆ ಹಿಡಿದು ಎಳೆದದ್ದಂತೆ.

"ಹೊಲಿಸ್ಕೋಬಹುದಿತ್ತಲ್ಲ?"

"ಎಲ್ಲಿತ್ತು ಪುರುಸೊತ್ತು? ನಿನ್ನ ತಮ್ಮ ಹೊಟ್ಟೇಲಿದ್ದ."

ಪ್ರಿಂಟಿಗೆ ಇಲ್ಲೇ ಒಂದು ಸ್ಟುಡಿಯೋಗೆ ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಹುಡುಗ ಖುಷಿಯಾಗಿ ಕವರ್ ಕೊಟ್ಟ. "ಸ್ಕಿನ್ ಎಲ್ಲ ಕ್ಲೀನ್ ಮಾಡಿದೀನಿ ಮೇಡಂ. ಅದಕ್ಕೆ ಜಾಸ್ತಿ ದುಡ್ಡು ಬೇಡ."

ಹನ್ನೊಂದೂ ನುಣ್ಣಗೆ, ಬೆಣ್ಣೆ ಸವರಿದ ಹಾಗೆ. ಬಯ್ಯೋಕೂ ಬಾಯಿ ಬರಲಿಲ್ಲ, ಪಾಪ. ಮನೆಗೆ ತಂದು ಟೇಬಲ್ ಮೇಲೆ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದನ್ನು ಎತ್ತಿ ದೂರ ಹಿಡಿದು ನೋಡಿದಳು.

"ಇದ್ಯಾರ ಸೊಂಟಾನೇ?"