ಮಿಲ್ಲು, ಯೂನಿಯನ್ನು, ಊರು

ಬಟ್ಟೆ ಮಿಲ್ಲುಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. 1978, 1983, 1985, ಮೂರು ಸಲವೂ ಇಲ್ಲಿ ವಿಧಾನಸಭೆ ಚುನಾವಣೆ ಗೆದ್ದದ್ದು ಕಮ್ಯುನಿಸ್ಟ್ ಪಕ್ಷ ಸಿಪಿಐನ ಪಂಪಾಪತಿ. ಬೇರೆ ಬೇರೆ ಜಾತಿ, ಧರ್ಮದ ಕಾರ್ಮಿಕರು ಕೂಲಿ, ಬೋನಸ್ಸಿಗೆ ಒಟ್ಟಿಗೇ ಮುಷ್ಕರ ಕೂರುತ್ತಿದ್ದರು. ಬರಬರುತ್ತಾ ಮಿಲ್ಲುಗಳು ಬಾಗಿಲು ಹಾಕಿದವು, ಯೂನಿಯನ್ನೂ ಸೊರಗಿತು.

1990ರ ಅಕ್ಟೋಬರಿನಲ್ಲಿ ಇದೇ ಊರಲ್ಲಿ ಕೋಮುಗಲಭೆ ಆಯಿತು. ಅದಕ್ಕೆ ಮಿಲ್ಲು ಮುಚ್ಚಿದ್ದೊಂದೇ ಕಾರಣ ಅನ್ನಲಾರೆ, ರಾಮಮಂದಿರಕ್ಕಾಗಿ ಅಡ್ವಾಣಿ ಹೊರಟಿದ್ದ ರಥಯಾತ್ರೆಯ ಕಾವು ಆಗ ದೇಶದಲ್ಲೆಲ್ಲ ಇತ್ತು. ಆದರೆ ಒಂದೇ ಶಿಫ್ಟಿನಲ್ಲಿ ಜೊತೆಗೆ ಬೆವರು ಸುರಿಸಿದವನ ಬಗ್ಗೆ ಯಾರೋ ಬಂದು ವಿಷ ತುಂಬಿದರೆ ಸುಲಭಕ್ಕೆ ನಂಬಲ್ಲ, ಅಲ್ವಾ? ಈಗ ಕೆಲಸವಿಲ್ಲದ ನಮ್ಮ ಹುಡುಗರಿಗೆ ಪಕ್ಕದ ಬೀದಿಯವರು ವಾಟ್ಸಾಪ್ ಫಾರ್ವರ್ಡಿನಲ್ಲೇ ಜಾಸ್ತಿ ಪರಿಚಯ. ನನಗೆ ನಿಜಕ್ಕೂ ಭಯ ಆಗುವುದು ಇದಕ್ಕೇ. ಹೊಟ್ಟೆಪಾಡಿಗಾಗಿ ಎಲ್ಲರೂ ಒಟ್ಟಿಗೆ ಕೂರುವ ಜಾಗ ಅವರಿಗೆ ಈಗ ಎಲ್ಲಿದೆ?