ಮಿದುಳಿಗೆ ಬೆಳಕು ಬಿಟ್ಟಾಗ ಇಲಿ ತಿರುಗಿತು, ಸರಿ. ಯಾಕೆ ತಿರುಗಿತು?

ಆಪ್ಟೊಜೆನೆಟಿಕ್ಸ್, ಅಂದರೆ ಬೆಳಕಿನಿಂದ ನರಕೋಶಗಳನ್ನು ನಿಯಂತ್ರಿಸುವ ಕೆಲಸ ಕಲಿಯಲು ನಮ್ಮ ಲ್ಯಾಬಿಗೆ ಬರುವವರಿಗೆ ನಾನು ಮೊದಲು ಹೇಳುವುದು ಕಂಟ್ರೋಲ್ ಇಲಿಗಳ, ಅಂದರೆ ಹೋಲಿಕೆಗೆ ಇಟ್ಟುಕೊಳ್ಳುವ ಇಲಿಗಳ ಬಗ್ಗೆ. ಲೇಸರ್, ವೈರಸ್, ಸರ್ಜರಿ ಎಲ್ಲ ಆಮೇಲೆ.

ಮೂಲ ವಿಷಯ ಸರಳ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲಿ ಚಾನೆಲ್‌ರೊಡಾಪ್ಸಿನ್ ಅನ್ನುವ ಪ್ರೋಟೀನ್ ಇದೆ. ನೀಲಿ ಬೆಳಕು ಬಿದ್ದರೆ ಅದು ತೆರೆದುಕೊಂಡು ಅಯಾನುಗಳನ್ನು ಒಳಗೆ ಬಿಡುತ್ತದೆ. ಅದರ ಜೀನನ್ನು ವೈರಸ್ ಮೂಲಕ ನರಕೋಶಕ್ಕೆ ಸೇರಿಸಿದರೆ ಆ ಕೋಶ ಬೆಳಕಿಗೆ ಸ್ಪಂದಿಸುತ್ತದೆ. ಸ್ಟ್ಯಾನ್‌ಫೋರ್ಡ್‌ನ ಎಡ್ ಬಾಯ್ಡನ್, ಕಾರ್ಲ್ ಡೈಸೆರಾತ್ ಮತ್ತವರ ಜೊತೆಗಾರರು 2005ರಲ್ಲಿ ಇದನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಮಾಡಿ ತೋರಿಸಿದರು. ಸಾವಿರಾರು ಕೋಶಗಳ ನಡುವೆ ಒಂದೇ ಬಗೆಯವನ್ನು ಆರಿಸಿ ಎಬ್ಬಿಸಬಹುದು. ಇಷ್ಟು ವರ್ಷವಾದರೂ ನನಗೆ ಇದು ರೋಮಾಂಚನವೇ.

ಆದರೆ ಬೆಳಕು ಸುಮ್ನೆ ಇರುವುದಿಲ್ಲ. ಲೇಸರ್ ಬೆಳಕನ್ನು ಮಿದುಳಿಗೆ ಒಯ್ಯುವ ಫೈಬರ್ ಕೇಬಲ್ ಇಲಿಯ ತಲೆಯ ಮೇಲೆ ಸೇರುವ ಜಾಗ ನೋಡಿ. ಕೋಣೆಯ ದೀಪ ಆರಿಸಿ ಲೇಸರ್ ಹಾಕಿದರೆ, ಅಲ್ಲಿಂದ ನೀಲಿ ಬೆಳಕು ಸೋರುವುದು ಕಣ್ಣಿಗೇ ಕಾಣುತ್ತದೆ. ನಮಗೆ ಕಂಡದ್ದು ಇಲಿಗೂ ಕಾಣುತ್ತದೆ, ಅಲ್ವಾ? ಅದಕ್ಕೇ ಆ ಸಂದಿಗೆ ಕಪ್ಪು ಕವಚ ಹಾಕಿ ಮುಚ್ಚುತ್ತೇವೆ. ದಿನಾ ಬೆಳಿಗ್ಗೆ ಫೈಬರ್ ತುದಿಯಲ್ಲಿ ಎಷ್ಟು ಮಿಲಿವ್ಯಾಟ್ ಬರುತ್ತಿದೆ ಎಂದು ಪವರ್ ಮೀಟರ್ ಹಿಡಿದು ಅಳೆಯುತ್ತೇವೆ. ಲೇಸರ್ ಡಬ್ಬಿಯ ಮೇಲಿನ ಅಂಕಿ ನಂಬುವ ಹಾಗಿಲ್ಲ. ಕನೆಕ್ಟರ್‌ನಲ್ಲಿ ಚೂರು ಧೂಳಿದ್ದರೂ ಸಾಕು, ಬೆಳಕು ಇಳಿದುಬಿಡುತ್ತದೆ.

ಬೆಳಕಿನಿಂದ ಹುಟ್ಟುವ ಕಾವಿನ ಕಥೆ ಇನ್ನೂ ಗಂಭೀರ. 2019ರಲ್ಲಿ ಅಮೆರಿಕದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ಸಂಶೋಧಕರು, ಬೆಳಕಿಗೆ ಸ್ಪಂದಿಸುವ ಪ್ರೋಟೀನೇ ಇಲ್ಲದ ಇಲಿಗಳ ಮಿದುಳಿಗೆ ಬೆಳಕು ಬಿಟ್ಟರು. ಬರೀ ಕಾವಿಗೇ ನರಕೋಶಗಳ ಚಟುವಟಿಕೆ ತಗ್ಗಿತು. ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗವಾದ ಸ್ಟ್ರಯಾಟಮ್‌ಗೆ ಬಿಟ್ಟಾಗ ಇಲಿ ತಿರುಗುವ ದಿಕ್ಕೂ ಬದಲಾಯಿತು. ಕೋಶಗಳ ಸಂಕೇತ ಅಳೆಯುವ ಲೋಹದ ಎಲೆಕ್ಟ್ರೋಡ್ ಮೇಲೆ ಬೆಳಕು ಬಿದ್ದರೂ ವಿದ್ಯುತ್ ಏರಿಳಿತ ಹುಟ್ಟುತ್ತದೆ. ಗ್ರಾಫಿನಲ್ಲಿ ಅದು ಥೇಟ್ ಕೋಶದ ಉತ್ತರದ ಹಾಗೇ ಕಾಣಬಹುದು.

ಹಾಗಾಗಿ ಅರ್ಧ ಇಲಿಗಳಿಗೆ ಚಾನೆಲ್‌ರೊಡಾಪ್ಸಿನ್ ಬದಲು ಬರೀ ಹೊಳೆಯುವ ಪ್ರೋಟೀನಿನ ಜೀನ್ ಇರುವ ವೈರಸ್ ಕೊಡುತ್ತೇವೆ. ಇವೇ ಕಂಟ್ರೋಲ್ ಇಲಿಗಳು. ಅದೇ ಸರ್ಜರಿ, ಅದೇ ಫೈಬರ್, ಅಷ್ಟೇ ಬೆಳಕು. ಯಾವ ಇಲಿ ಯಾವ ಗುಂಪಿನದು ಎಂಬುದು ವಿಡಿಯೊ ನೋಡಿ ಎಣಿಸುವವರಿಗೆ ಗೊತ್ತಿರಬಾರದು. ಖರ್ಚು ಜಾಸ್ತಿ, ತಿಂಗಳುಗಟ್ಟಲೆ ಕೆಲಸವೂ ಜಾಸ್ತಿ. ಪ್ರಾಣಿಯ ತಲೆಗೆ ಸರ್ಜರಿ ಮಾಡಿದ ಮೇಲೆ, ಅದರಿಂದ ಬಂದ ಉತ್ತರ ಗಟ್ಟಿಯಾಗಿರಲೇಬೇಕು ಅನ್ನುವುದು ನನ್ನ ಹಟ.

ಇದೇ ವಿದ್ಯೆ ಈಗ ಮನುಷ್ಯರ ಕಣ್ಣಿಗೂ ಬಂದಿದೆ. ದೃಷ್ಟಿ ಕಳೆದುಕೊಂಡಿದ್ದ ಒಬ್ಬರು ಚಿಕಿತ್ಸೆಯ ನಂತರ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿ ಮುಟ್ಟಿದರೆಂದು 2021ರಲ್ಲಿ ವರದಿಯಾಯಿತು. ಅಲ್ಲೂ ಕಣ್ಣಿಗೆ ಬೆಳಕು ಹಾಯಿಸುವ ವಿಶೇಷ ಕನ್ನಡಕ ಹಾಕಿ, ತೆಗೆದು, ಎರಡೂ ರೀತಿ ಪರೀಕ್ಷಿಸಿದ್ದರು.